ಹಾಸಿಗೆಯ ಬಳಿ ಪರೀಕ್ಷಿಸಲಾಗಿದೆ

ಅವಳು ಸಿಟ್ಟಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ಮೋಸವಾಯಿತು ಅನ್ನಬಾರದು. ನಲವತ್ನಾಲ್ಕು ವರ್ಷ, ಹೆಗಲ ಮೇಲೆ ಮಡಚುವ ಅಲ್ಯೂಮಿನಿಯಂ ಏಣಿ, ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಹುಬ್ಬುಗಳ ನಡುವೆ ಸದಾ ಒಂದು ಗಂಟು. ಬೇರೆಯವರ ಏಣಿಯನ್ನು ಅವಳು ಹತ್ತುತ್ತಿರಲಿಲ್ಲ, ಬೇರೆಯವರ ಮಾತನ್ನು ನಂಬುತ್ತಿರಲಿಲ್ಲ. ಆಸ್ಪತ್ರೆಯವರು ಎದುರಿಗೆ ಅವಳನ್ನು ಏಣಿ ಅಕ್ಕ ಅನ್ನುತ್ತಿದ್ದರು. ಬೆನ್ನ ಹಿಂದೆ ಏನನ್ನುತ್ತಿದ್ದರು ಎಂಬುದೂ ಅವಳಿಗೆ ಗೊತ್ತಿತ್ತು, ಅದಕ್ಕೂ ಅವಳಿಗೆ ಸಿಟ್ಟಿತ್ತು.

ವೈಫೈ ಕೆಲಸ ಅವಳದು. ಶಾಲೆ, ಕಚೇರಿ, ಆಸ್ಪತ್ರೆಗಳ ಚಾವಣಿಗೆ ಬಿಳಿ ತಟ್ಟೆ ಬೋರಲು ಹಾಕಿದ ಹಾಗೆ ಆ್ಯಕ್ಸೆಸ್ ಪಾಯಿಂಟ್‌ಗಳು ಅಂಟಿಕೊಂಡಿರುತ್ತವಲ್ಲ, ಅವುಗಳನ್ನು ಕೂರಿಸುವುದು, ಆಮೇಲೆ ಅವು ಹೇಳಿದ ಹಾಗೆ ಕೇಳುವಂತೆ ಮಾಡುವುದು. ಕೂರಿಸುವುದು ಯಾರ ಕೈಯಲ್ಲಾದರೂ ಆಗುತ್ತದೆ. ಹೇಳಿದ ಹಾಗೆ ಕೇಳಿಸುವುದರಲ್ಲೇ ಇರುವುದು ಪೇಚಾಟ. ಪ್ರತಿ ತಟ್ಟೆಗೂ ಲ್ಯಾಪ್‌ಟಾಪಿನಲ್ಲಿ ಎರಡು ಪುಟ. ಮೊದಲ ಪುಟದಲ್ಲಿ ಹೆಸರು, ಪಾಸ್‌ವರ್ಡ್, ಅಷ್ಟೇ, ಅದು ಮಕ್ಕಳಾಟ. ಎರಡನೆಯದರ ತಲೆಯ ಮೇಲೆ ‘ಅಡ್ವಾನ್ಸ್ಡ್’ ಎಂದಿರುತ್ತದೆ. ಯಾವ ಚಾನೆಲ್ಲು, ಎಷ್ಟು ಪವರು, ದೂರದ ಫೋನನ್ನು ಎಲ್ಲಿಯವರೆಗೆ ಹಿಡಿದುಕೊಳ್ಳಬೇಕು, ಯಾವಾಗ ಕೈಬಿಡಬೇಕು, ಎಲ್ಲ ಅಲ್ಲಿ. ಗೊತ್ತಿಲ್ಲದವರು ಆ ಪುಟಕ್ಕೆ ಕೈ ಹಾಕಬಾರದು. ಗೊತ್ತಿಲ್ಲದವರು ಕೈ ಹಾಕುವುದೇ ಅಲ್ಲಿಗೆ.

ಆ ಆಸ್ಪತ್ರೆಯಲ್ಲಿ ಕೈ ಹಾಕುವವರ ಹೆಸರು ಫುಲ್ಲು. ಆಡಳಿತಾಧಿಕಾರಿ. ಅವರಿಗೆ ಆ ಹೆಸರಿಟ್ಟವಳು ಇವಳೇ. ಏನು ಕೇಳಿದರೂ ಅವರ ಬಾಯಲ್ಲಿ ಬರುವುದು ಒಂದೇ ಮಾತು, ‘ಫುಲ್ ಕೊಟ್ಟುಬಿಡಿ.’ ಎ.ಸಿ. ಫುಲ್, ದೀಪ ಫುಲ್, ವೈಫೈ ಫುಲ್. ಪವರ್ ಜಾಸ್ತಿ ಕೊಟ್ಟಷ್ಟೂ ವೈಫೈ ಚೆನ್ನಾಗಿರುತ್ತದೆ ಎಂದು ಅವರ ತಲೆಯಲ್ಲಿ ಕೂತಿತ್ತು. ಹಾಗಲ್ಲ ಎಂದು ಅವಳು ಮೂರು ಸಲ ಹೇಳಿದ್ದಳು. ಮೂರನೇ ಸಲ ಹೇಳಿದ ಧಾಟಿ ಚೆನ್ನಾಗಿರಲಿಲ್ಲ. ಅಂದಿನಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಅವಳ ಬಳಿ ಹೆಮ್ಮೆಪಡುವಂಥದ್ದು ಹೆಚ್ಚೇನೂ ಇರಲಿಲ್ಲ. ಬಾಡಿಗೆಯ ಒಂದೂವರೆ ಕೋಣೆ, ಮಾತಾಡಿಸಿದರೆ ಜಗಳಕ್ಕೆ ಬರುವ ಅಕ್ಕ, ಯಾರಿಗೂ ಬೇಡವಾದ ಅಭಿಪ್ರಾಯಗಳು. ಇದ್ದದ್ದು ಒಂದೇ: ಕೈ ಮುಟ್ಟಿ ನೋಡದ್ದನ್ನು ಅವಳು ರಿಪೋರ್ಟಿನಲ್ಲಿ ಬರೆಯುತ್ತಿರಲಿಲ್ಲ. ಬೇರೆ ಟೆಕ್ನಿಷಿಯನ್‌ಗಳು ಕೆಳಗೆ ಕಾಫಿ ಕುಡಿಯುತ್ತಾ ‘ಎಲ್ಲ ಕೊಠಡಿಗಳಲ್ಲೂ ಸರಿ ಇದೆ’ ಎಂದು ಗೀಚುವಾಗ ಇವಳು ಕೊಠಡಿಯಿಂದ ಕೊಠಡಿಗೆ ಹೋಗಿ, ನೋಡಿ, ನೋಡಿದ್ದನ್ನಷ್ಟೇ ಬರೆಯುತ್ತಿದ್ದಳು. ಹನ್ನೆರಡು ವರ್ಷದ ವ್ರತ ಅದು. ಆ ವ್ರತ ಹಿಡಿಸಿದವಳು ಅವಳ ಅತ್ತೆ.

ಆಗ ಅವಳಿಗೆ ಮದುವೆಯಾಗಿ ಆರು ವರ್ಷ. ಕೆಲಸವೆಂದರೆ ದಿನಕ್ಕೊಂದು ಕಟ್ಟಡ, ದಿನಕ್ಕೊಂದು ದಿಕ್ಕು. ಎಲ್ಲಿ ಹೋಗಿದ್ದೆ, ಏನು ಮಾಡಿದೆ ಎಂದು ಡೈರಿಯಲ್ಲಿ ಬರೆದಿಡುತ್ತಿದ್ದಳು, ಕಂಪನಿಗೆ ಬೇಕಿತ್ತು. ಒಂದು ದಿನ ಅತ್ತೆ ಆ ಡೈರಿಯನ್ನು ತೆಗೆದುಕೊಂಡು, ಗಂಡನ ಇಬ್ಬರು ಅಕ್ಕಂದಿರು, ಭಾವಂದಿರು ಕೂತಿದ್ದ ಹಜಾರದಲ್ಲಿ ಒಂದೊಂದೇ ಸಾಲು ಓದಿದಳು. ‘ನಾಲ್ಕನೇ ಮಹಡಿ, ಏಣಿ ಹತ್ತಿ ಆರು ತಟ್ಟೆ ಹಾಕಿದೆ ಅಂತೆ. ಕೇಳಿದ್ರಾ? ಹೆಂಗಸಿನ ಕೈಲಿ ಏಣಿ ಹತ್ತಿಸೋರು ಯಾರು? ಬರೆಯೋದು ಒಂದು, ಮಾಡೋದು ಇನ್ನೊಂದು.’ ಹಜಾರ ನಕ್ಕಿತು. ಗಂಡ ನಗಲಿಲ್ಲ, ಆದರೆ ಡೈರಿಯನ್ನು ತಾಯಿಯ ಕೈಯಿಂದ ಕಿತ್ತುಕೊಳ್ಳಲೂ ಇಲ್ಲ. ಆ ಡೈರಿಯಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಎಂಟು ತಿಂಗಳಲ್ಲಿ ಮದುವೆ ಮುಗಿಯಿತು. ಅತ್ತೆಯ ಮುಖ ಮತ್ತೆ ನೋಡಲಿಲ್ಲ, ನೋಡುವ ಆಸೆಯೂ ಇರಲಿಲ್ಲ. ಮುದುಕಿ ನರಳಿ ನರಳಿ ಸಾಯಲಿ ಎಂದು ಎಷ್ಟೋ ಸಲ ಮನಸಾರೆ ಬೇಡಿಕೊಂಡಿದ್ದಳು. ಇಂಥದ್ದನ್ನು ಮುಚ್ಚಿಟ್ಟು ಕಥೆ ಹೇಳುವುದರಲ್ಲಿ ಅರ್ಥವಿಲ್ಲ.

ಈಗ ಮಂಗಳವಾರದ ವಿಷಯ.

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಮೂಳೆ ವಾರ್ಡು. ಅಲ್ಲಿನ ರೋಗಿಗಳ ಕೊರಳಿಗೆ ಬೆರಳುದ್ದದ ಬೆಲ್ ಒಂದನ್ನು ತೂಗುಹಾಕುತ್ತಿದ್ದರು. ಒತ್ತಿದರೆ ವೈಫೈ ಮೂಲಕ ಸಿಸ್ಟರ್‌ಗಳ ಮೇಜಿನಲ್ಲಿ ಸದ್ದಾಗಬೇಕು. ಬೆಲ್ಲಿನ ತಲೆಯಲ್ಲಿ ಸಣ್ಣ ಹಸಿರು ದೀಪ, ಅದು ಉರಿಯುತ್ತಿದ್ದರೆ ವೈಫೈ ಸಿಕ್ಕಿದೆ ಎಂದರ್ಥ. ಒಂಬತ್ತನೇ ಕೊಠಡಿಯ ರೋಗಿ ಬೆಲ್ ಒತ್ತಿದರೂ ಯಾರೂ ಬರುವುದಿಲ್ಲ ಎಂದು ದೂರಿದ್ದರಿಂದ ಏಣಿ ಅಕ್ಕನಿಗೆ ಕರೆ ಹೋಯಿತು. ಕಾರಿಡಾರು ಎಡಕ್ಕೆ ತಿರುಗುವ ಕೊನೆಯಲ್ಲಿ ಆ ಕೊಠಡಿ. ಅವಳು ಏಣಿ ಹೊತ್ತು ಬಾಗಿಲ ತನಕ ಹೋದಳು. ಒಳಗೆ ದಿಂಬಿಗೆ ಒರಗಿ ಕೂತಿದ್ದವಳು ಅತ್ತೆ.

ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತಂತೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕಣ್ಣು ಮಾತ್ರ ಹಾಗೇ ಇತ್ತು. ಮುದುಕಿ ಅವಳನ್ನೇ ದಿಟ್ಟಿಸಿ ನೋಡುತ್ತಾ ಬೆಲ್ ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಬಾಗಿಲಲ್ಲಿ ನಿಂತವಳ ತುಟಿ ಒಂದು ಮೂಲೆಯಲ್ಲಿ ಸರಿಯಿತು. ಅದು ನಗುವೇ, ಬೇರೆ ಹೆಸರು ಬೇಡ. ಆಮೇಲೆ ಅವಳು ತಿರುಗಿ ಹೊರಟುಹೋದಳು.

ಸಿಸ್ಟರ್‌ಗಳ ಮೇಜಿಗೆ ಬಂದು, ‘ಒಂಬತ್ತನೇದರ ಬೆಲ್ ಸ್ವಲ್ಪ ತಂದುಕೊಡಿ’ ಎಂದಳು. ಆಯಾ ಒಬ್ಬಳು ಹೋಗಿ ತಂದಳು. ಏಣಿ ಅಕ್ಕ ಅದನ್ನು ಮೇಜಿನ ಪಕ್ಕದಲ್ಲೇ ಒತ್ತಿದಳು. ಟಿಂಗ್ ಎಂದಿತು. ಮೇಜಿನ ನೆತ್ತಿಯ ಮೇಲೇ ತಟ್ಟೆ ಇರುವಾಗ ಟಿಂಗ್ ಅನ್ನದೆ ಏನು ಮಾಡೀತು. ವಾರ್ಡಿನವರು ದಿನಾ ಮಾಡುತ್ತಿದ್ದದ್ದೂ ಇದನ್ನೇ. ರೋಗಿ ದೂರಿದರೆ ಬೆಲ್ಲನ್ನು ಮೇಜಿಗೆ ತರುವುದು, ಒತ್ತುವುದು, ಸದ್ದು ಬಂದ ಕೂಡಲೇ ‘ಅಜ್ಜಿ ಸುಳ್ಳು ಹೇಳ್ತಾರೆ’ ಎಂದು ಕೈ ತೊಳೆದುಕೊಳ್ಳುವುದು. ಅದು ಮೂರ್ಖರ ಪರೀಕ್ಷೆ ಎಂದು ಆ ಆಸ್ಪತ್ರೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಏಣಿ ಅಕ್ಕನಿಗೆ ಮಾತ್ರ. ಹಾಸಿಗೆಯಲ್ಲಿ ಕೆಲಸ ಮಾಡುವ ಬೆಲ್ಲನ್ನು ಹಾಸಿಗೆಯಲ್ಲೇ ನೋಡಬೇಕು. ಗೊತ್ತಿದ್ದೂ ಅವಳು ಫಾರಂ ತೆಗೆದುಕೊಂಡಳು. ‘ಎಲ್ಲಿ ಪರೀಕ್ಷಿಸಲಾಯಿತು’ ಎಂಬ ಜಾಗದಲ್ಲಿ ‘ಹಾಸಿಗೆಯ ಬಳಿ’ ಎಂದು ಬರೆದಳು. ‘ಸಮಯ: ಹತ್ತು ನಿಮಿಷ. ಸರಿ ಇದೆ.’ ಸಹಿ. ಸುಳ್ಳುಗಾತಿ ಮುದುಕಿ, ಇಷ್ಟು ವರ್ಷಕ್ಕೆ ನಿನಗೂ ಯಾರೂ ನಂಬದ ಗತಿ ಬಂತಲ್ಲ ಎಂದುಕೊಂಡಳು. ಅಂದು ಊಟ ರುಚಿಸಿತು.

ಶನಿವಾರ ಹನ್ನೊಂದು ಗಂಟೆಗೆ ಫುಲ್ಲು ಫೋನ್ ಮಾಡಿದರು.

‘ಏನಮ್ಮಾ, ಮಂಗಳವಾರದ ನಿಮ್ಮ ರಿಪೋರ್ಟ್ ಇದೆಯಲ್ಲ, ಅದರ ಕಾಪಿ ಮೇಲೆ ಇನ್ನೊಂದು ಸಹಿ ಬೇಕಿತ್ತು.’

‘ಯಾಕೆ?’

‘ಆ ಒಂಬತ್ತನೇ ಕೊಠಡಿ ಅಜ್ಜಿ ಮೊನ್ನೆ ಒಬ್ಬರೇ ಎದ್ದು ಬಾತ್‌ರೂಮಿಗೆ ಹೋಗೋಕೆ ನೋಡಿ ಬಿದ್ದುಬಿಟ್ರು. ಒತ್ತಿ ಒತ್ತಿ ಸಾಕಾಯ್ತು, ಯಾರೂ ಬರಲಿಲ್ಲ ಅಂತ ಒಂದೇ ರಗಳೆ. ಇನ್ನು ಸೊಂಟಕ್ಕೆ ಬೆಲ್ಟ್ ಹಾಕಿ ಹಾಸಿಗೆಗೆ ಕಟ್ಟಿಬಿಡೋದು ಅಂತ ಡಾಕ್ಟ್ರು ಹೇಳಿದಾರೆ. ನಾಲ್ಕು ಗಂಟೆಗೆ ಮಗ ಬಂದು ಒಪ್ಪಿಗೆ ಸಹಿ ಹಾಕ್ತಾರೆ. ನಿಮ್ಮ ಪೇಪರ್ರೇ ಮುಖ್ಯ ನಮಗೆ.’

ಅವಳು ಹೋದಳು. ಹೆಡ್ ಸಿಸ್ಟರ್ ಫೈಲನ್ನು ಮೇಜಿನ ಮೇಲೆ ತೆರೆದಿಟ್ಟಿದ್ದರು. ದಪ್ಪ ಕನ್ನಡಕದ ದಣಿದ ಹೆಂಗಸು ಆಕೆ, ಒಳ್ಳೆಯವರೇ, ಆದರೆ ಒಬ್ಬರೇ ಇಪ್ಪತ್ತೆರಡು ಹಾಸಿಗೆ ನೋಡಿಕೊಳ್ಳುತ್ತಿದ್ದರು. ಡಾಕ್ಟರ ಕೈಬರಹ ಕಷ್ಟಪಟ್ಟು ಓದಬೇಕಿತ್ತು. ರೋಗಿಗೆ ನೆನಪಿನ ತೊಂದರೆ ಇರುವಂತಿದೆ. ಕೆಲಸ ಮಾಡುತ್ತಿರುವ ಬೆಲ್ ಕೆಲಸ ಮಾಡುತ್ತಿಲ್ಲ ಎನ್ನುತ್ತಾರೆ. ಮಂಗಳವಾರ ಟೆಕ್ನಿಷಿಯನ್ ಹಾಸಿಗೆಯ ಬಳಿ ಹತ್ತು ನಿಮಿಷ ನಿಂತು ಪರೀಕ್ಷಿಸಿದ್ದು ನೆನಪಿಲ್ಲ. ಅದರ ಬದಲು, ಎಂದೋ ಬಿಟ್ಟುಹೋದ ಸೊಸೆ ಬಾಗಿಲಲ್ಲಿ ನಿಂತು ನಕ್ಕು ಹೋದಳು ಎನ್ನುತ್ತಾರೆ. ಹೇಳಿದ್ದು ನೆನಪಿರದವರು ಮತ್ತೆ ಏಳುತ್ತಾರೆ, ಬೀಳುತ್ತಾರೆ. ಬೆಲ್ಟ್ ಅಗತ್ಯ.

ಅವಳ ಒಂದು ಸಾಲಿನ ಮೇಲೆ ಇಷ್ಟೂ ನಿಂತಿತ್ತು.

ಮೊದಲು ಅವಳಿಗೆ ಏನನ್ನಿಸಿತು ಎಂದರೆ, ಕಟ್ಟಲಿ. ಚೆನ್ನಾಗಿ ಬಿಗಿಯಾಗಿ ಕಟ್ಟಲಿ. ಹಜಾರದಲ್ಲಿ ಹತ್ತು ಜನರ ಮುಂದೆ ಮರ್ಯಾದೆ ಕಳೆದವಳು ಮಲಗಿದಲ್ಲೇ ಎಲ್ಲ ಮಾಡಿಕೊಂಡು ಬಿದ್ದಿರಲಿ. ಪೆನ್ನಿನ ಮುಚ್ಚಳ ತೆಗೆದಳು. ಸಹಿ ಮಾಡುವ ಮೊದಲು ಆ ಬೆಲ್ಟನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನಿಸಿತು, ಹೊಟ್ಟೆ ತಣ್ಣಗಾಗಲಿ ಎಂದು. ಕಾರಿಡಾರಿನ ತಿರುವಿಗೆ ಹೋದಳು.

ಒಂಬತ್ತನೇ ಕೊಠಡಿಯ ಬಾಗಿಲು ಅರೆ ತೆರೆದಿತ್ತು. ಬೆಲ್ಟು ಕುರ್ಚಿಯ ಮೇಲಿತ್ತು, ಅಗಲವಾದ ನೀಲಿ ಪಟ್ಟಿ, ಎರಡು ಕೊಕ್ಕೆ. ಹಣೆಗೆ ಬ್ಯಾಂಡೇಜು ಸುತ್ತಿದ್ದ ಮುದುಕಿ ಬಾಗಿಲ ಕಡೆ ನೋಡುತ್ತಿರಲಿಲ್ಲ. ಬೆಲ್ಲನ್ನು ಎರಡೂ ಕೈಯಲ್ಲಿ ಕಣ್ಣಿನ ಹತ್ತಿರ ಹಿಡಿದು, ಹಸಿರು ದೀಪವನ್ನೇ ನೋಡುತ್ತಾ ಒತ್ತುತ್ತಿದ್ದಳು. ಟಿಕ್. ತುಸು ಕಾದಳು. ಟಿಕ್, ಟಿಕ್. ಮೇಜಿನ ಕಡೆಯಿಂದ ಯಾವ ಸದ್ದೂ ಇಲ್ಲ. ನೀರಿನ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ಆಯಾ ಒಳಗೆ ಇಣುಕಿ, ‘ಅಜ್ಜಿ ಆಟ ಶುರು ಮಾಡ್ಕೊಂಡ್ರು’ ಎಂದು ನಕ್ಕು ಮುಂದೆ ಹೋದಳು. ಮುದುಕಿ ಬೆಲ್ಲನ್ನು ತೊಡೆಯ ಮೇಲೆ ಇಳಿಸಿ, ಹೊದಿಕೆಯನ್ನು ಸೊಂಟದ ಸುತ್ತ ಒತ್ತಿಕೊಂಡು ಕಣ್ಣು ಮುಚ್ಚಿದಳು. ಯಾಕೆ ಕರೆಯುತ್ತಿದ್ದಳು, ಈಗ ಹೊತ್ತು ಮೀರಿ ಯಾಕೆ ಬಿಟ್ಟಳು ಎಂಬುದು ಯಾವ ಹೆಂಗಸಿಗೂ ತಿಳಿಯುವಂಥದ್ದು.

ಕನಿಕರ ಹುಟ್ಟಿತು ಎಂದರೆ ಸುಳ್ಳಾಗುತ್ತದೆ. ಹುಟ್ಟಿದ್ದು ಸಿಟ್ಟು. ಅತ್ತೆಯ ಮೇಲೆ ಸಿಟ್ಟು, ಇಂಥ ಸ್ಥಿತಿಗೆ ಬಂದು ತನ್ನ ದ್ವೇಷದ ರುಚಿ ಕೆಡಿಸಿದಳಲ್ಲ ಎಂದು. ಹಸಿರು ದೀಪ ಉರಿಯುತ್ತಿದ್ದರೂ ಸದ್ದಾಗದ ಬೆಲ್ಲಿನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು.

ಬೆಡ್‌ಶೀಟ್ ಇಡುವ ಕೋಣೆಯ ಕಿಟಕಿಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಅಡ್ವಾನ್ಸ್ಡ್ ಪುಟ ತೆರೆದಳು. ಒಂದು ನಿಮಿಷವೂ ಬೇಕಾಗಲಿಲ್ಲ. ಮೇಜಿನ ಮೇಲಿನ ತಟ್ಟೆಗೆ ಅವಳು ಕೊಟ್ಟದ್ದು ಮೀಡಿಯಂ ಪವರ್. ಈಗ ಹೈ ಆಗಿತ್ತು. ಬದಲಾಯಿಸಿದವರ ಹೆಸರೂ ಅಲ್ಲೇ ಇತ್ತು, ಹನ್ನೊಂದು ದಿನದ ಹಿಂದೆ, ಫುಲ್ಲು. ರೋಗಿಗಳನ್ನು ನೋಡಲು ಬಂದವರ ಫೋನಿನಲ್ಲಿ ಸಿಗ್ನಲ್ ಕಡ್ಡಿ ಕಮ್ಮಿ ಬಂತೆಂದು ಯಾರೋ ಹೇಳಿರಬೇಕು, ಇವರು ಫುಲ್ ಕೊಟ್ಟುಬಿಟ್ಟಿದ್ದರು. ಬೆಲ್ ಚಾರ್ಜಾಗುವುದು ಆ ಮೇಜಿನ ಬಳಿ. ಅಲ್ಲಿ ಆ ತಟ್ಟೆಯನ್ನು ಹಿಡಿದ ಬೆಲ್ಲು, ತಿರುವಿನಾಚೆ ಒಂಬತ್ತನೇ ಕೊಠಡಿಗೆ ಹೋದರೂ ಅದನ್ನೇ ಕಚ್ಚಿಕೊಂಡಿರುತ್ತಿತ್ತು, ಯಾಕೆಂದರೆ ತಟ್ಟೆಯ ಕೂಗು ಅಲ್ಲಿಗೂ ಕೇಳುತ್ತಿತ್ತು. ಬೆಲ್ಲಿನ ಪುಟ್ಟ ಬ್ಯಾಟರಿಯ ದನಿ ಮಾತ್ರ ಅಷ್ಟು ದೂರ ವಾಪಸ್ಸು ಹೋಗುತ್ತಿರಲಿಲ್ಲ. ಮೈಕ್ ಹಿಡಿದವನ ಮಾತು ಕೊನೆಯ ಸಾಲಿಗೂ ಕೇಳುತ್ತದೆ, ಕೊನೆಯ ಸಾಲಿನವರು ಕೂಗಿದ್ದು ಅವನಿಗೆ ಕೇಳುವುದಿಲ್ಲ, ಅಷ್ಟೇ ವಿಷಯ. ಇತ್ತ ಕೊಠಡಿಯ ಹೊರಗೇ, ಹತ್ತು ಹೆಜ್ಜೆಯಲ್ಲಿ, ಇನ್ನೊಂದು ತಟ್ಟೆ ಸುಮ್ಮನೆ ಕೂತಿತ್ತು. ಮಂಗಳವಾರ ಹಾಸಿಗೆಯ ಬಳಿ ಒಂದೇ ಒಂದು ಸಲ ಒತ್ತಿ ನೋಡಿದ್ದರೆ ಇದು ಅವಳಿಗೆ ಅಂದೇ ತಿಳಿಯುತ್ತಿತ್ತು. ಮುದುಕಿ ಬೀಳುತ್ತಿರಲಿಲ್ಲ.

ಪವರನ್ನು ಮೀಡಿಯಂಗೆ ಇಳಿಸಿದಳು. ಅದರ ಕೆಳಗೆ ಇನ್ನೊಂದು ಸಾಲಿದೆ, ದನಿ ತೀರಾ ಕ್ಷೀಣವಾದವರನ್ನು ಹಿಡಿದಿಟ್ಟುಕೊಳ್ಳದೆ ಬಿಟ್ಟುಬಿಡು ಎನ್ನುವುದು. ಅದನ್ನೂ ಬಿಗಿ ಮಾಡಿದಳು. ಸೇವ್. ಇಲ್ಲಿಗೆ ಮುಗಿಯಿತು, ಬೆಲ್ ಸರಿಹೋಯಿತು, ಇನ್ನು ಯಾರೂ ಕಟ್ಟಬೇಕಿಲ್ಲ, ಯಾರಿಗೂ ಏನೂ ಹೇಳಬೇಕಿಲ್ಲ ಎಂದುಕೊಂಡಳು. ಒಂದು ಸಲ ಹಾಸಿಗೆಯಲ್ಲಿ ಒತ್ತಿಸಿ ನೋಡಿಬಿಟ್ಟರೆ ಸಾಕು. ಅದಕ್ಕೆ ಮಾತ್ರ ಒಳಗೆ ಹೋಗಲೇಬೇಕಿತ್ತು.

ಮುದುಕಿ ಕಣ್ಣು ತೆರೆದಳು. ‘ಬಂದ್ಯಾ. ಇವತ್ತು ಹೊಸಲು ದಾಟೋಕೆ ಧೈರ್ಯ ಬಂತಾ?’

‘ಬೆಲ್ ಒತ್ತಿ.’

‘ಮಂಗಳವಾರ ಒತ್ತಿದ್ದೆನಲ್ಲ, ನಿನ್ನ ಮುಖ ನೋಡ್ಕೊಂಡೇ. ಹಲ್ಲು ಕಿರಿದು ಹೋದೆ.’

‘ಈಗ ಒತ್ತಿ.’

‘ಯಾಕೆ? ಮುದುಕಿ ಸುಮ್ ಸುಮ್ನೆ ಒತ್ತುತ್ತಾಳೆ ಅಂತ ಬರ್ಕೊಳ್ಳೋಕಾ? ನಾನು ಒತ್ತಲ್ಲ. ಹೋಗು.’

‘ಒತ್ತದಿದ್ರೆ ಅದನ್ನ ಕಟ್ತಾರೆ,’ ಎಂದು ಅವಳು ಕುರ್ಚಿಯ ಕಡೆ ತೋರಿಸಿದಳು. ‘ನನ್ನ ಗಂಟೇನೂ ಹೋಗಲ್ಲ.’

‘ನಿಂಗೆ ಖುಷಿ ಆಗುತ್ತೆ.’

‘ಹೌದು. ಆಗುತ್ತೆ. ಒತ್ತಿ.’

ಹನ್ನೆರಡು ವರ್ಷದಲ್ಲಿ ಇಬ್ಬರ ನಡುವೆ ಬಂದ ಮೊದಲ ನೇರ ಮಾತು ಅದು. ಮುದುಕಿ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮುಖ ಸಿಂಡರಿಸಿ, ಹೆಬ್ಬೆರಳಿನಿಂದ ಬೆಲ್ ಒತ್ತಿದಳು. ತಿರುವಿನಾಚೆ ಮೇಜಿನಲ್ಲಿ ಟಿಂಗ್ ಎಂದಿತು. ಹೆಡ್ ಸಿಸ್ಟರ್ ಓಡೋಡಿ ಬಂದರು. ಮುದುಕಿ ಆಕೆಯ ಕೈ ಹಿಡಿದು ಮೊದಲು ಕೇಳಿದ್ದು ಬಾತ್‌ರೂಮಿಗೆ ಕರೆದುಕೊಂಡು ಹೋಗಿ ಎಂದು.

ನಾಲ್ಕು ಗಂಟೆಗೆ ಎಲ್ಲರೂ ಒಂಬತ್ತನೇ ಕೊಠಡಿಯಲ್ಲಿ ಸೇರಿದರು. ಮೂಳೆ ಡಾಕ್ಟರು ಬಾಗಿಲಿಗೆ ಹತ್ತಿರವಾಗಿ ನಿಂತರು, ಅವರಿಗೆ ಇನ್ನೂ ಆರು ಕೊಠಡಿ ಬಾಕಿ ಇತ್ತು. ಫುಲ್ಲು ಫೈಲ್ ಹಿಡಿದುಕೊಂಡಿದ್ದರು. ಮಗ, ಅಂದರೆ ಅವಳ ಹಳೆಯ ಗಂಡ, ಹೊಟ್ಟೆ ಬೆಳೆಸಿಕೊಂಡಿದ್ದ. ಅವಳನ್ನು ಕಂಡು, ‘ನೀನಿಲ್ಲಿ?’ ಎಂದ.

‘ಕೆಲಸಕ್ಕೆ ಬಂದಿದೀನಿ.’

‘ಇವಳೇ,’ ಎಂದಳು ಮುದುಕಿ ಡಾಕ್ಟರಿಗೆ. ‘ನಾನು ಹೇಳಿದ್ದು ಇವಳನ್ನೇ. ಇವನನ್ನೇ ಕೇಳಿ.’

ಮಗ ನೆಲ ನೋಡುತ್ತಾ ಹೌದೆಂದ. ಡಾಕ್ಟರು ತುಸು ತಡೆದರು. ಹೆಡ್ ಸಿಸ್ಟರ್ ಅದೇ ಸಮಯ ನೋಡಿ, ಬೆಲ್ ಈಗ ಸರಿಯಾಗಿದೆ, ಮಧ್ಯಾಹ್ನದಿಂದ ಅಜ್ಜಿ ಕರೆದಾಗಲೆಲ್ಲ ಸದ್ದಾಗುತ್ತಿದೆ, ಒಂದು ಸಲವೂ ಸುಳ್ಳು ಕರೆಯಲಿಲ್ಲ ಎಂದರು. ಏಣಿ ಅಕ್ಕ ಒಳಗಿದ್ದ ವಿಷವನ್ನೆಲ್ಲ ಫುಲ್ಲು ಕಡೆಗೆ ತಿರುಗಿಸಿದಳು. ಪವರ್ ಜಾಸ್ತಿ ಮಾಡಿದ್ದು ಇವರು, ಮಾಡಬೇಡಿ ಅಂತ ಮೂರು ಸಲ ಹೇಳಿದ್ದೆ, ಹನ್ನೊಂದು ದಿನದಿಂದ ಈ ಬೆಲ್ ಇದ್ದೂ ಸತ್ತಿತ್ತು, ತಪ್ಪು ಅಜ್ಜಿಯದಲ್ಲ, ಬೇಕಾದರೆ ಲ್ಯಾಪ್‌ಟಾಪಿನಲ್ಲಿ ತಾರೀಖು ತೋರಿಸುತ್ತೇನೆ. ಮಾತಾಡುವಾಗ ಅವಳಿಗೆ ಹಿತವಾಗುತ್ತಿತ್ತು.

ಫುಲ್ಲು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಫೈಲಿನಿಂದ ಒಂದು ಹಾಳೆ ಎಳೆದರು.

‘ಹನ್ನೊಂದು ದಿನದಿಂದ ಸತ್ತಿತ್ತು ಅಂತೀರಿ. ಹಾಗಾದ್ರೆ ಮಂಗಳವಾರ ನೀವು ಹಾಸಿಗೆ ಹತ್ರ ಹತ್ತು ನಿಮಿಷ ಟೆಸ್ಟ್ ಮಾಡಿದಾಗ ಸರಿ ಇತ್ತು ಅಂತ ಹೇಗಮ್ಮಾ ಬರೆದ್ರಿ?’

ಡಾಕ್ಟರು ಹಾಳೆ ತೆಗೆದುಕೊಂಡು ನೋಡಿದರು. ‘ನೋಡಿ, ನಂಗೆ ವೈಫೈ ಅರ್ಥ ಆಗಲ್ಲ. ಸೊಸೆ ಬಂದಿದ್ದು ನಿಜ, ಸರಿ. ಆದ್ರೆ ಇವರು ಪಕ್ಕದಲ್ಲೇ ನಿಂತು ಹತ್ತು ನಿಮಿಷ ಬೆಲ್ ನೋಡಿದಾರೆ, ಪೇಷೆಂಟು ಹತ್ರಾನೇ ಬರಲಿಲ್ಲ ಅಂತಾರೆ. ಎರಡು ದಿನದಲ್ಲಿ ಮರೆತಿದಾರೆ. ಇವತ್ತು ಬೆಲ್ ಸರಿ ಇದ್ರೂ ನಾಳೆ ಒತ್ತಬೇಕು ಅನ್ನೋದನ್ನೇ ಮರೀತಾರೆ. ಆಪರೇಷನ್ ಆದ ಸೊಂಟದ ಮೇಲೆ ಇನ್ನೊಂದು ಸಲ ಬಿದ್ರೆ ಮುಗೀತು. ನೀವು ಸಹಿ ಹಾಕಿ.’

ಮಗ ಪೆನ್ನು ತೆಗೆದುಕೊಂಡ.

‘ನಾನು ಮರೆತಿಲ್ಲ,’ ಎಂದಳು ಮುದುಕಿ. ದನಿ ಮೊದಲ ಸಲ ಒಡೆದಿತ್ತು. ‘ಅವಳು ಹತ್ರ ಬರಲಿಲ್ಲ ಕಣೋ. ಬಾಗಿಲಲ್ಲೇ ನಿಂತಿದ್ಲು. ನಂಗೆ ನೆನಪಿದೆ.’

‘ಅಮ್ಮಾ, ಬರೆದಿದಾರಲ್ಲಮ್ಮಾ,’ ಎಂದ ಮಗ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ. ಒಪ್ಪಿಗೆ ಪತ್ರವನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡ.

ಏಣಿ ಅಕ್ಕ ಆ ಪೆನ್ನನ್ನೇ ನೋಡಿದಳು. ಸುಮ್ಮನಿದ್ದರೆ ಸಾಕಿತ್ತು. ಅಂದು ಬೆಲ್ ಹೇಗೋ ಒಂದು ಗಳಿಗೆ ಸರಿಯಾಗಿತ್ತು ಎಂದು ಒಂದು ಮಾತು ಸೇರಿಸಿದ್ದರೆ ಇನ್ನೂ ಚೆನ್ನಾಗಿತ್ತು, ವೈಫೈ ವಿಷಯದಲ್ಲಿ ಅವಳ ಮಾತು ಅಲ್ಲಿ ಯಾರೂ ತೆಗೆದುಹಾಕುವಂತಿರಲಿಲ್ಲ. ಇಡೀ ಊರಲ್ಲಿ ಮುಟ್ಟದೆ ಬರೆಯದ ಟೆಕ್ನಿಷಿಯನ್ ಎಂದರೆ ಇವಳೊಬ್ಬಳೇ ಎಂದು ಹೆಸರಿತ್ತು. ಆ ಹೆಸರೇ ಈಗ ಬೆಲ್ಟಾಗಿ ಮುದುಕಿಯ ಸೊಂಟಕ್ಕೆ ಬೀಳಲಿತ್ತು. ಮುದುಕಿಯ ಸುತ್ತ ಇದ್ದ ಐವರಲ್ಲಿ ಆಕೆಯ ಬುದ್ಧಿ ಸ್ಥಿಮಿತದಲ್ಲಿದೆ ಎಂದು ಗೊತ್ತಿದ್ದವಳು ಅವಳೊಬ್ಬಳೇ. ನಿಜ ಹೇಳುತ್ತಿದ್ದಾಗ ಯಾರೂ ನಂಬದಿದ್ದರೆ ಹೇಗಿರುತ್ತದೆ ಎಂದು ಗೊತ್ತಿದ್ದವಳೂ ಅವಳೇ. ಗೊತ್ತು ಮಾಡಿಸಿದವಳು ಎದುರಿಗೆ ಹಣೆಗೆ ಪಟ್ಟಿ ಸುತ್ತಿಕೊಂಡು ಕೂತಿದ್ದಳು. ಅವಳ ಮೇಲಿನ ದ್ವೇಷ ಎಳ್ಳಷ್ಟೂ ಕಮ್ಮಿಯಾಗಿರಲಿಲ್ಲ.

‘ನಾನು ಟೆಸ್ಟ್ ಮಾಡಿಲ್ಲ,’ ಎಂದಳು.

ಮಗ ತಲೆಯೆತ್ತಿದ.

‘ಮಂಗಳವಾರ ನಾನು ಒಳಗೆ ಬರಲೇ ಇಲ್ಲ. ಇವರು ಹೇಳಿದ ಹಾಗೇ, ಬಾಗಿಲ ತನಕ ಬಂದೆ, ಇವರನ್ನ ನೋಡಿದೆ, ನಕ್ಕೆ, ಹೋದೆ. ಇವರು ನನ್ನೆದುರಿಗೇ ಎರಡು ಸಲ ಒತ್ತಿದ್ರು. ಬೆಲ್ಲನ್ನ ಮೇಜಿನ ಹತ್ರ ತರಿಸಿ ನೋಡಿ ಹಾಸಿಗೆ ಬಳಿ ಅಂತ ಬರೆದೆ. ಅದರಲ್ಲಿರೋದು ಸುಳ್ಳು. ಅಜ್ಜಿ ಹೇಳಿದ್ದೇ ಸರಿ, ಒಂದಕ್ಷರ ಮರೆತಿಲ್ಲ.’

‘ಬೇಕಂತಲೇ?’ ಎಂದು ಕೇಳಿದರು ಡಾಕ್ಟರು.

‘ಬೇಕಂತಲೇ.’

ಡಾಕ್ಟರು ಅವಳನ್ನು ನೋಡಿದ ರೀತಿ, ಚಪ್ಪಲಿಗೆ ಅಂಟಿದ್ದನ್ನು ನೋಡುವ ರೀತಿ. ಫೈಲಿನಲ್ಲಿ ನಾಲ್ಕು ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಬೆಲ್ಟ್ ಬೇಡ, ನಡೆಯುವಾಗ ಒಬ್ಬರು ಜೊತೆಗಿರಲಿ ಎಂದು ಬರೆದು, ‘ಕ್ಷಮಿಸಿ ಅಜ್ಜಿ’ ಎಂದು ಹೇಳಿ ಮುಂದಿನ ಕೊಠಡಿಗೆ ಹೊರಟರು. ಹೆಡ್ ಸಿಸ್ಟರ್ ಕುರ್ಚಿಯ ಮೇಲಿಂದ ನೀಲಿ ಪಟ್ಟಿಯನ್ನು ಎತ್ತಿ, ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಹೋದರು. ಏಣಿ ಅಕ್ಕನ ಮುಖ ನೋಡಲಿಲ್ಲ. ಮೂರು ದಿನ ರೋಗಿಯನ್ನು ಸುಳ್ಳುಗಾತಿ ಅಂದಿದ್ದು ಅವರ ಬಾಯಿ, ಆದರೆ ಹಾಗೆನ್ನಿಸಿದ ಕಾಗದ ಇವಳದು.

ಫುಲ್ಲು ಹಾಳೆಯನ್ನು ಜೋಪಾನವಾಗಿ ಫೈಲಿಗೆ ಸೇರಿಸಿದರು. ಮುಖದಲ್ಲಿ ಬೇಸರವಿರಲಿಲ್ಲ. ‘ಪವರ್ ಜಾಸ್ತಿ ಮಾಡಿದ್ದು ನನ್ನ ತಪ್ಪೇ ಇರಬಹುದಮ್ಮಾ,’ ಎಂದರು, ‘ಆದ್ರೆ ನಾನು ಏನೂ ಸುಳ್ಳು ಬರೆದಿಲ್ಲ. ಪಾಸ್‌ವರ್ಡ್‌ಗಳನ್ನ ಕೆಳಗೆ ಕೊಟ್ಟು ಹೋಗಿ.’

ಅವಳು ಏಣಿ ಎತ್ತಿಕೊಂಡಳು. ಮುದುಕಿ ದಿಂಬಿಗೆ ನೆಟ್ಟಗೆ ಒರಗಿ ಕೂತಿದ್ದಳು. ಕೈಗಳು ಹೊದಿಕೆಯ ಮೇಲೆ ಸಡಿಲವಾಗಿದ್ದವು. ಮುಖಕ್ಕೆ ಮತ್ತೆ ಬಣ್ಣ ಬಂದಿತ್ತು. ಸೊಸೆಗೆ ಒಂದು ಮಾತು ಹೇಳುವಳೇನೋ ಎಂದು, ಬೇಡವೆಂದುಕೊಂಡರೂ, ಅವಳು ಒಂದು ಗಳಿಗೆ ತಡೆದಳು. ಮುದುಕಿ ನೋಡಿದ್ದು ಮಗನ ಕಡೆಗೆ.

‘ಕೇಳಿದ್ಯಾ?’ ಎಂದಳು. ‘ಅವಳ ಬಾಯಿಂದಲೇ ಕೇಳಿದ್ಯಲ್ಲ? ಬರೆಯೋದು ಒಂದು, ಮಾಡೋದು ಇನ್ನೊಂದು. ಅವತ್ತು ನಾನು ಹೇಳಿದಾಗ ನಿಂಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ, ನಂಗೊತ್ತು.’

ಮಗ ಹಳೆಯ ಹೆಂಡತಿಯ ಕಡೆ ನೋಡಿದ. ಆ ನೋಟದಲ್ಲಿ ಹನ್ನೆರಡು ವರ್ಷದ ಒಂದು ಅನುಮಾನ, ತಾನು ತಪ್ಪು ಮಾಡಿದೆನೇನೋ ಎಂಬ ಅನುಮಾನ, ಅವಳ ಕಣ್ಣೆದುರೇ ಬಗೆಹರಿಯಿತು. ಅವನು ಹಗುರಾದ.

ಆ ಮಾತಿಗೆ ಅವಳ ಬಳಿ ಹನ್ನೆರಡು ವರ್ಷದಿಂದ ಉತ್ತರ ಸಿದ್ಧವಿತ್ತು. ಮಂಗಳವಾರದವರೆಗೂ ಇತ್ತು.